ಕಾಲೇಜು ಊರಿನ ಲೆಕ್ಕಾಚಾರ: ಅರ್ಧ ಜನ ಬಂದು ಹೋಗುವ ನಗರದಲ್ಲಿ ಬದುಕು ಹೇಗಿರುತ್ತದೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಆನ್ ಆರ್ಬರ್ ಅಂತ ಒಂದು ಊರಿದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 1,23,851 ಜನ. ಅದೇ ಊರಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಹೆಚ್ಚುಕಡಿಮೆ ಊರಿಗೆ ಊರೇ ಹಿಡಿಸುವಷ್ಟು ದೊಡ್ಡ ಸ್ಟೇಡಿಯಂ. ಅದನ್ನು ಕಟ್ಟಿಸಿದ್ದು ಊರಲ್ಲ, ಊರಿನೊಳಗಿರುವ ಒಂದು ಸಂಸ್ಥೆ. ಕಾಲೇಜು ಊರಿನ ಬದುಕನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಅಳತೆಯಿಂದಲೇ ಶುರು ಮಾಡಬೇಕು.

ದೊಡ್ಡ ಮಹಾನಗರಗಳಲ್ಲೂ ವಿಶ್ವವಿದ್ಯಾಲಯಗಳಿವೆ. ಆದರೆ ಅಲ್ಲಿ ಅವು ನೂರು ಸಂಸ್ಥೆಗಳ ನಡುವೆ ಒಂದಷ್ಟು ಸಂಸ್ಥೆಗಳು ಮಾತ್ರ. ರಜೆ ಬಂತಾ, ಪರೀಕ್ಷೆ ಬಂತಾ ಅಂತ ಆ ನಗರಕ್ಕೆ ಗೊತ್ತೇ ಆಗುವುದಿಲ್ಲ. ತೀರಾ ಸಣ್ಣ ಊರಾದರೆ ಕಾಲೇಜೇ ಊರು. ಅಲ್ಲಿ ಗೊಂದಲ ಇಲ್ಲ. ಇವೆರಡರ ನಡುವಿನ ಊರುಗಳೇ ಸ್ವಾರಸ್ಯದವು. ಒಂದು ಲಕ್ಷದಿಂದ ಮೂರು ನಾಲ್ಕು ಲಕ್ಷ ಜನ ಇರುವ ಊರುಗಳು. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಡ್ಜ್. ಬೆಲ್ಜಿಯಂನ ಲ್ಯೂವೆನ್. ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್. ಇಟಲಿಯ ಬೊಲೊನ್ಯಾ. ಇವುಗಳಿಗೆ ತಮ್ಮದೇ ಆದ ವ್ಯಾಪಾರ, ಆಸ್ಪತ್ರೆ, ರಾಜಕೀಯ, ತಲೆಮಾರುಗಳಿಂದ ಇರುವ ಮನೆತನಗಳು ಎಲ್ಲ ಇವೆ. ಜೊತೆಗೆ ಪ್ರತಿ ವರ್ಷ ಸಾವಿರಾರು ಹದಿನೆಂಟು ವರ್ಷದವರು ಬರುತ್ತಾರೆ, ಸಾವಿರಾರು ಇಪ್ಪತ್ತೆರಡು ವರ್ಷದವರು ಹೋಗುತ್ತಾರೆ.

ಉಳಿದಿದ್ದೆಲ್ಲ ಹುಟ್ಟುವುದು ಇದರಿಂದಲೇ. ಒಬ್ಬೊಬ್ಬ ವಿದ್ಯಾರ್ಥಿಗೂ ವಯಸ್ಸಾಗುತ್ತದೆ. ಆದರೆ ವಿದ್ಯಾರ್ಥಿ ಸಮೂಹಕ್ಕೆ ವಯಸ್ಸಾಗುವುದೇ ಇಲ್ಲ. ನೀವು ಮೂವತ್ತು ವರ್ಷ ಒಂದೇ ಬೀದಿಯಲ್ಲಿ ಇದ್ದರೂ ಪಕ್ಕದ ಮನೆಯಲ್ಲಿರುವವರು ಯಾವಾಗಲೂ ಇಪ್ಪತ್ತರ ಆಸುಪಾಸಿನವರೇ. ಬಾಡಿಗೆ, ಬಸ್ಸು, ಅಂಗಡಿ, ಮತ, ಸ್ನೇಹ, ಎಲ್ಲವೂ ಈ ಒಂದು ಸಂಗತಿಗೆ ಹೊಂದಿಕೊಂಡೇ ನಡೆಯಬೇಕು.

ಊರಿಗೆ ಎರಡು ಕ್ಯಾಲೆಂಡರ್

ಇಂಥ ಊರಿನಲ್ಲಿ ವರ್ಷ ಶುರುವಾಗುವುದು ಜನವರಿಯಲ್ಲಿ ಅಲ್ಲ, ತರಗತಿ ಶುರುವಾದಾಗ. ಒಂದೇ ವಾರದಲ್ಲಿ ರಸ್ತೆಗಳು ತುಂಬುತ್ತವೆ. ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಹಾಸಿಗೆ, ಮೇಜು, ಪಾತ್ರೆ, ಹಳೇ ಸೈಕಲ್ ಎಲ್ಲದಕ್ಕೂ ಏಕಾಏಕಿ ಬೇಡಿಕೆ.

ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ವಿದ್ಯಾರ್ಥಿಗಳು ಇರುವ ಭಾಗದಲ್ಲಿ ಬಹುಪಾಲು ಬಾಡಿಗೆ ಕರಾರುಗಳು ಆಗಸ್ಟ್ 14ಕ್ಕೆ ಮುಗಿದು, ಹೊಸವು 15ಕ್ಕೆ ಶುರುವಾಗುತ್ತವೆ. ನಡುವಿನ ಒಂದು ರಾತ್ರಿ ಎಷ್ಟೋ ಜನರಿಗೆ ಮನೆಯೇ ಇರುವುದಿಲ್ಲ. ಗೆಳೆಯರ ಮನೆಯಲ್ಲಿ ಮಲಗುತ್ತಾರೆ, ಸಾಮಾನು ತುಂಬಿದ ವಾಹನದಲ್ಲೇ ರಾತ್ರಿ ಕಳೆಯುತ್ತಾರೆ. ಬಿಟ್ಟು ಹೋದ ಸೋಫಾ, ದೀಪ, ಪುಸ್ತಕಗಳು ಫುಟ್‌ಪಾತ್ ಮೇಲೆ ರಾಶಿ ಬೀಳುತ್ತವೆ. ಬೇಕಾದವರು ಎತ್ತಿಕೊಂಡು ಹೋಗುತ್ತಾರೆ. ಎಲ್ಲರೂ ಒಂದೇ ದಿನ ಖಾಲಿ ಮಾಡಿ ಒಂದೇ ದಿನ ಸೇರಿಕೊಳ್ಳುವ ಬಾಡಿಗೆ ಮಾರುಕಟ್ಟೆ ಅಂದರೆ ಇದು.

ಕೆಲವು ಊರುಗಳಲ್ಲಿ ವಾರಕ್ಕೂ ಒಂದು ಏರಿಳಿತ ಇರುತ್ತದೆ. ಬೆಲ್ಜಿಯಂ ಸಣ್ಣ ದೇಶ, ರೈಲು ಎಲ್ಲ ಕಡೆ ಹೋಗುತ್ತದೆ. ಹಾಗಾಗಿ ಲ್ಯೂವೆನ್‌ನಲ್ಲಿ ಶುಕ್ರವಾರ ಮಧ್ಯಾಹ್ನ ಚಕ್ರದ ಸೂಟ್‌ಕೇಸ್ ಎಳೆದುಕೊಂಡು ವಿದ್ಯಾರ್ಥಿಗಳು ಸ್ಟೇಷನ್ ಕಡೆ ಹೊರಡುತ್ತಾರೆ. ಭಾನುವಾರ ಸಂಜೆ ವಾಪಸ್ ಬರುತ್ತಾರೆ. ಬೇರೆ ಊರುಗಳಲ್ಲಿ ಶುಕ್ರವಾರ ರಾತ್ರಿ ಗದ್ದಲ ಆದರೆ ಅಲ್ಲಿ ಗುರುವಾರ ರಾತ್ರಿ ಗದ್ದಲ. ಮನೆ ನೋಡಲು ಶನಿವಾರ ಹೋದವರಿಗೆ ಆ ಬೀದಿಯ ನಿಜವಾದ ಸದ್ದು ಗೊತ್ತೇ ಆಗುವುದಿಲ್ಲ, ಅಲ್ವಾ?

ರಜೆಯ ತಿಂಗಳುಗಳನ್ನು ಇಷ್ಟಪಡುವವರೂ ಇದ್ದಾರೆ, ಹೆದರುವವರೂ ಇದ್ದಾರೆ. ವರ್ಷಪೂರ್ತಿ ಇರುವವರಿಗೆ ಆಗ ಊರು ತಮ್ಮ ಕೈಗೆ ಸಿಕ್ಕ ಹಾಗೆ ಅನಿಸುತ್ತದೆ. ಸಣ್ಣ ವ್ಯಾಪಾರಿಗಳಿಗೆ ಮಾತ್ರ ಅದು ಕಷ್ಟದ ಕಾಲ. ಅವರು ಕಟ್ಟುವ ಬಾಡಿಗೆ ಹನ್ನೆರಡು ತಿಂಗಳಿಗೆ, ಪೂರ್ತಿ ವ್ಯಾಪಾರ ಆಗುವುದು ಎಂಟೋ ಒಂಬತ್ತೋ ತಿಂಗಳು. ಕಾಲೇಜು ಊರಿನಲ್ಲಿ ಹೊಸ ಅಂಗಡಿಗಳು ಮುಚ್ಚುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಮೊದಲ ಬೇಸಿಗೆಗೆ ದುಡ್ಡು ಎತ್ತಿಟ್ಟುಕೊಳ್ಳದವರು ಎರಡನೇ ವರ್ಷ ನೋಡುವುದು ಕಷ್ಟ.

ಬಾಡಿಗೆ ಯಾಕೆ ಇಷ್ಟು ಜಾಸ್ತಿ

ಕಾಲೇಜು ಊರಿನ ಬಗ್ಗೆ ನನಗೆ ಅತಿ ಮುಖ್ಯ ಅನಿಸುವ ವಿಷಯ ಇದೇ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನಾಲ್ಕು ಕೋಣೆಯ ಒಂದು ಮನೆ ಇದೆ ಅಂದುಕೊಳ್ಳಿ. ಒಂದು ಕುಟುಂಬ ಅದನ್ನು ಬಾಡಿಗೆಗೆ ತೆಗೆದುಕೊಂಡರೆ ದುಡಿಯುವವರು ಒಬ್ಬರು ಅಥವಾ ಇಬ್ಬರು. ಅದೇ ಮನೆಗೆ ನಾಲ್ವರು ವಿದ್ಯಾರ್ಥಿಗಳು ಬಂದರೆ ಬಾಡಿಗೆ ಬರುವುದು ನಾಲ್ಕು ಕಡೆಯಿಂದ. ಎಷ್ಟೋ ಸಲ ಅದರ ಹಿಂದೆ ನಾಲ್ಕು ಮನೆಗಳ ಪೋಷಕರ ದುಡ್ಡು, ನಾಲ್ಕು ಶಿಕ್ಷಣ ಸಾಲ ಇರುತ್ತದೆ. ಒಬ್ಬೊಬ್ಬರಿಗೆ ಅದು ದೊಡ್ಡ ಮೊತ್ತ ಅನಿಸದೇ ಇರಬಹುದು. ಕೂಡಿಸಿದಾಗ ಕುಟುಂಬ ಕೊಡಬಹುದಾದ ಬಾಡಿಗೆಯನ್ನು ಮೀರಿಬಿಡುತ್ತದೆ. ಆಮೇಲೆ ಮನೆಯ ಬೆಲೆ ಕಟ್ಟುವವರು ಮನೆಯನ್ನು ನೋಡುವುದಿಲ್ಲ, ಕೋಣೆಗಳನ್ನು ಎಣಿಸುತ್ತಾರೆ. ಊಟದ ಕೋಣೆಗೂ ಒಂದು ಬಾಗಿಲು ಹಾಕಿ ಅದನ್ನೂ ಮಲಗುವ ಕೋಣೆ ಮಾಡಿದರೆ ಇನ್ನೊಬ್ಬರ ಬಾಡಿಗೆ.

ಎರಡನೆಯದು ಸಮಯದ ಹೊಂದಾಣಿಕೆ ತಪ್ಪುವುದು. ಈ ವರ್ಷ ಎಷ್ಟು ಸೀಟು ಅಂತ ತೀರ್ಮಾನ ಮಾಡುವುದು ವಿಶ್ವವಿದ್ಯಾಲಯ. ಅದಕ್ಕೆ ಕೆಲವು ತಿಂಗಳು ಸಾಕು. ಎಷ್ಟು ಮನೆ ಕಟ್ಟಬಹುದು ಅಂತ ತೀರ್ಮಾನ ಮಾಡುವುದು ನಗರಸಭೆ. ಜಾಗ, ಅನುಮತಿ, ಆಕ್ಷೇಪಣೆ, ಕಟ್ಟಡ ಎಲ್ಲ ಸೇರಿ ವರ್ಷಗಳೇ ಹಿಡಿಯುತ್ತವೆ. ಈ ಎರಡು ಗಡಿಯಾರಗಳ ನಡುವಿನ ಅಂತರಕ್ಕೆ ಸಿಕ್ಕಿಕೊಳ್ಳುವುದು ಹೊಸದಾಗಿ ಬಂದವರು. 2018ರಲ್ಲಿ ಗ್ರೋನಿಂಗೆನ್‌ನಲ್ಲಿ ಕೋಣೆ ಸಿಗದ ವಿದೇಶಿ ವಿದ್ಯಾರ್ಥಿಗಳಿಗೆ ಟೆಂಟ್‌ಗಳಲ್ಲಿ ಇರುವ ವ್ಯವಸ್ಥೆ ಮಾಡಬೇಕಾಯಿತು. ಅಷ್ಟು ಶ್ರೀಮಂತ ದೇಶದಲ್ಲಿ, ಅಷ್ಟು ಚೆನ್ನಾಗಿ ನಡೆಯುವ ಊರಿನಲ್ಲಿ ಹೀಗಾಯಿತು.

ಮೂರನೆಯದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಬಾಡಿಗೆದಾರರು ಪ್ರತಿ ವರ್ಷ ಬದಲಾಗುವುದರಿಂದ ಹೋದ ವರ್ಷ ಬಾಡಿಗೆ ಎಷ್ಟಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ. ಸೋರುವ ಚಾವಣಿ ಬಗ್ಗೆ ದೂರು ಕೊಟ್ಟವರು ಅದು ರಿಪೇರಿ ಆಗುವ ಹೊತ್ತಿಗೆ ಪದವಿ ಮುಗಿಸಿ ಹೋಗಿರುತ್ತಾರೆ. ಹೊಸಬರು ಮೊದಲಿಂದ ದೂರು ಶುರು ಮಾಡಬೇಕು. ಮನೆ ಚೆನ್ನಾಗಿ ಇಟ್ಟುಕೊಳ್ಳದಿದ್ದರೂ ಮುಂದಿನ ವರ್ಷ ಜನ ಬಂದೇ ಬರುತ್ತಾರೆ ಅಂತ ಓನರ್‌ಗೆ ಗೊತ್ತು. ಈ ಅವಸರ ಎಷ್ಟು ಬೆಳೆಯುತ್ತದೆ ಅಂದರೆ, ಈಗ ತಾನೇ ಮನೆ ಸೇರಿದವರಿಗೆ ಮುಂದಿನ ವರ್ಷದ ಕರಾರಿಗೂ ಈಗಲೇ ಸಹಿ ಹಾಕಿ ಅಂತ ಒತ್ತಡ ಬರುತ್ತದೆ. ಆನ್ ಆರ್ಬರ್‌ನಲ್ಲಿ ಇದಕ್ಕೆ ಕಡಿವಾಣ ಹಾಕಲು ನಗರಸಭೆ ಕಾನೂನನ್ನೇ ತರಬೇಕಾಯಿತು.

ಒಂದು ಬೀದಿಯಲ್ಲಿ ಇಂಥ ಮನೆಗಳು ಒಂದು ಮಿತಿ ದಾಟಿದರೆ ಬೀದಿಯ ಸ್ವಭಾವವೇ ಬದಲಾಗುತ್ತದೆ. ಕುಟುಂಬಗಳು ಒಂದೊಂದಾಗಿ ಮಾರಿ ಹೋಗುತ್ತವೆ. ಮಕ್ಕಳು ಕಡಿಮೆಯಾಗಿ ಹತ್ತಿರದ ಪ್ರಾಥಮಿಕ ಶಾಲೆ ಬಡವಾಗುತ್ತದೆ. ಮಕ್ಕಳ ಸಾಮಾನು ಮಾರುತ್ತಿದ್ದ ಅಂಗಡಿ ಹೋಗಿ ರಾತ್ರಿ ತಿಂಡಿ ಮಾರುವ ಅಂಗಡಿ ಬರುತ್ತದೆ. ರಜೆಯಲ್ಲಿ ಇಡೀ ಬೀದಿ ಕತ್ತಲು. ಇದನ್ನು ತಡೆಯಲು ಊರುಗಳು ನಾನಾ ನಿಯಮ ಮಾಡಿವೆ. ಇಂಗ್ಲೆಂಡಿನಲ್ಲಿ 2010ರಿಂದ ಸಂಬಂಧಿಕರಲ್ಲದ ಮೂರರಿಂದ ಆರು ಮಂದಿ ಹಂಚಿಕೊಂಡಿರುವ ಮನೆಯನ್ನು ಕಾನೂನು ಬೇರೆಯೇ ವರ್ಗ ಅಂತ ನೋಡುತ್ತದೆ. ಬೇಕಾದರೆ ಸ್ಥಳೀಯ ಆಡಳಿತ ಅದಕ್ಕೆ ಅನುಮತಿ ಕಡ್ಡಾಯ ಮಾಡಬಹುದು. ಗ್ರೋನಿಂಗೆನ್ ಒಂದು ಬೀದಿಯ ಮನೆಗಳಲ್ಲಿ ನೂರಕ್ಕೆ 15ಕ್ಕಿಂತ ಹೆಚ್ಚು ಕೋಣೆ-ಬಾಡಿಗೆ ಮನೆಗಳು ಇರಬಾರದು ಅಂತ ನಿಯಮ ಮಾಡಿತ್ತು. ಆಕ್ಸ್‌ಫರ್ಡ್ ಹಿಡಿದ ದಾರಿ ಬೇರೆ. ಹಾಸ್ಟೆಲ್ ಸಿಗದೆ ಹೊರಗೆ ಬಾಡಿಗೆಗೆ ಇರುವ ವಿದ್ಯಾರ್ಥಿಗಳ ಸಂಖ್ಯೆ 3,000 ದಾಟಬಾರದು, ದಾಟಿದರೆ ವಿಶ್ವವಿದ್ಯಾಲಯಕ್ಕೆ ಹೊಸ ಕಟ್ಟಡಗಳ ಅನುಮತಿ ಕಷ್ಟ ಅಂತ ಷರತ್ತು ಹಾಕಿತು.

ಇವುಗಳಲ್ಲಿ ನನಗೆ ಸರಿ ಕಾಣುವುದು ಆಕ್ಸ್‌ಫರ್ಡ್‌ನ ರೀತಿ. ಬೀದಿಗೆ ಮಿತಿ ಹಾಕಿದರೆ ಬೇಡಿಕೆ ಕರಗುವುದಿಲ್ಲ, ಪಕ್ಕದ ಬೀದಿಗೆ ಹೋಗುತ್ತದೆ. ಜನರನ್ನು ಕರೆಸಿಕೊಳ್ಳುವವರು ಯಾರೋ, ಅವರಿಗೆ ಇರಲು ಜಾಗ ಮಾಡುವ ಹೊಣೆಯೂ ಅವರದೇ ಆಗಬೇಕು.

ಇದು ಹೊಸ ಜಗಳ ಅಂತಲೂ ಅಂದುಕೊಳ್ಳಬೇಡಿ. 1209ರಲ್ಲಿ ಆಕ್ಸ್‌ಫರ್ಡ್‌ನ ಜನರ ಜೊತೆ ಜಗಳವಾಗಿ ಊರು ಬಿಟ್ಟ ಪಂಡಿತರು ಕೇಂಬ್ರಿಡ್ಜ್ ಸೇರಿದರು. ಇಪ್ಪತ್ತೆರಡೇ ವರ್ಷಕ್ಕೆ, 1231ರಲ್ಲಿ, ಅಲ್ಲಿನ ಬಾಡಿಗೆ ಅತಿಯಾಗಿದೆ ಅಂತ ದೊರೆ ಮೂರನೇ ಹೆನ್ರಿ ನಡುವೆ ಬರಬೇಕಾಯಿತು. ಇಬ್ಬರು ಅಧ್ಯಾಪಕರು, ಇಬ್ಬರು ಊರಿನವರು ಕೂತು ವಿದ್ಯಾರ್ಥಿಗಳ ಮನೆ ಬಾಡಿಗೆ ನಿಗದಿ ಮಾಡಬೇಕು ಅಂತ ಆಜ್ಞೆಯಾಯಿತು. ಬೊಲೊನ್ಯಾದಲ್ಲಿ ಜನ ಇನ್ನೊಂದು ದಾರಿ ಕಂಡುಕೊಂಡರು. ಅಲ್ಲಿನ ವಿಶ್ವವಿದ್ಯಾಲಯ 1088ರಷ್ಟು ಹಳೆಯದು ಅನ್ನುವ ಮಾತಿದೆ. ಊರಿಗೆ ಬರುವವರು ಹೆಚ್ಚಿದಂತೆ ಮನೆಗಳ ಮೇಲಂತಸ್ತನ್ನು ಬೀದಿಯ ಕಡೆ ಚಾಚಿ, ಕೆಳಗೆ ಕಂಬ ಕೊಟ್ಟು, ಕೋಣೆಗಳನ್ನು ಹೆಚ್ಚಿಸಿಕೊಂಡರು. 1288ರ ಕಾನೂನು ಹೊಸ ಮನೆಗಳಿಗೆ ಇಂಥ ಕಂಬಸಾಲು ಕಡ್ಡಾಯ ಮಾಡಿತು. ಮೇಲೆ ಕೋಣೆ, ಕೆಳಗೆ ಎಲ್ಲರೂ ಓಡಾಡಬಹುದಾದ ನೆರಳಿನ ಜಗಲಿ. ಇವತ್ತು ಆ ಊರಿನಲ್ಲಿ ಸುಮಾರು 62 ಕಿಲೋಮೀಟರ್ ಉದ್ದದ ಕಂಬಸಾಲುಗಳಿವೆ. 2021ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜಾಗದ ಅಭಾವವನ್ನು ಊರಿನ ಸೊಬಗಾಗಿ ಮಾಡಿಕೊಂಡ ಇಂಥ ಉದಾಹರಣೆ ಇನ್ನೊಂದು ನನಗೆ ಕಾಣುವುದಿಲ್ಲ.

ಯಾರನ್ನು ಎಲ್ಲಿ ಎಣಿಸಬೇಕು, ತೆರಿಗೆ ಯಾರು ಕಟ್ಟಬೇಕು

ವಿದ್ಯಾರ್ಥಿ ಯಾವ ಊರಿನವರು? ಪ್ರಶ್ನೆ ಸುಲಭ ಅನಿಸುತ್ತದೆ. ಆದರೆ ಇದರ ಮೇಲೆ ಕೋಟಿಗಟ್ಟಲೆ ದುಡ್ಡು ನಿಂತಿದೆ. ಅಮೆರಿಕದ ಜನಗಣತಿ 1950ರಿಂದ ವಿದ್ಯಾರ್ಥಿಗಳನ್ನು ಪೋಷಕರ ಮನೆಯಲ್ಲಲ್ಲ, ಕಾಲೇಜಿರುವ ಊರಿನಲ್ಲಿ ಎಣಿಸುತ್ತಿದೆ. ಜನಸಂಖ್ಯೆ ನೋಡಿ ಸರ್ಕಾರ ಹಣ ಹಂಚುವುದರಿಂದ ಊರಿಗೆ ಇದು ಲಾಭ. 2020ರ ಗಣತಿ ಏಪ್ರಿಲ್ 1ರ ಲೆಕ್ಕ. ಆ ಹೊತ್ತಿಗೆ ಕೊರೊನಾದಿಂದ ಕಾಲೇಜುಗಳು ಮುಚ್ಚಿ ವಿದ್ಯಾರ್ಥಿಗಳು ಮನೆ ಸೇರಿದ್ದರು. ಕಾಲೇಜು ಊರುಗಳು ಗಾಬರಿಯಾಗಿದ್ದು ಸುಮ್ನೆ ಅಲ್ಲ.

ಜರ್ಮನಿಯಲ್ಲೂ ಇದೇ ತಲೆನೋವು. ಅಲ್ಲಿ ನಗರಕ್ಕೆ ಬರುವ ಹಣ ಅಲ್ಲಿ ಮುಖ್ಯ ವಿಳಾಸ ನೋಂದಾಯಿಸಿದವರ ಸಂಖ್ಯೆಯನ್ನು ಅವಲಂಬಿಸಿದೆ. ವಿದ್ಯಾರ್ಥಿಗಳು ಮುಖ್ಯ ವಿಳಾಸವನ್ನು ಪೋಷಕರ ಮನೆಯಲ್ಲೇ ಬಿಟ್ಟು ಬರುತ್ತಾರೆ. ಹಾಗಾಗಿ ಎಷ್ಟೋ ವಿಶ್ವವಿದ್ಯಾಲಯ ನಗರಗಳು ಎರಡನೇ ಮನೆಗೆ ತೆರಿಗೆ ಹಾಕುತ್ತವೆ. ತೆರಿಗೆ ಬೇಡವಾದರೆ ಮುಖ್ಯ ವಿಳಾಸವನ್ನೇ ಇಲ್ಲಿಗೆ ಬದಲಾಯಿಸಿ ಅನ್ನುವುದು ಅದರ ಅರ್ಥ. ಬ್ರಿಟನ್‌ನಲ್ಲಿ ಪೂರ್ತಿ ವಿದ್ಯಾರ್ಥಿಗಳೇ ಇರುವ ಮನೆಗೆ ಸ್ಥಳೀಯ ಮನೆ ತೆರಿಗೆ ಇಲ್ಲ. ಕಸ ಮಾತ್ರ ಎಲ್ಲರ ಮನೆಯಿಂದಲೂ ಎತ್ತಬೇಕು.

ವಿಶ್ವವಿದ್ಯಾಲಯದ ತೆರಿಗೆಯ ಕಥೆ ಇನ್ನೂ ದೊಡ್ಡದು. ಅಮೆರಿಕದಲ್ಲಿ ಅವುಗಳ ಕಟ್ಟಡಗಳಿಗೆ ಬಹುಪಾಲು ಆಸ್ತಿ ತೆರಿಗೆ ಇಲ್ಲ. ಊರಿನ ನಡುವಿನ ಅತಿ ಬೆಲೆಬಾಳುವ ನೆಲ ತೆರಿಗೆಯಿಂದ ಹೊರಗೆ ಉಳಿದರೆ ಉಳಿದವರ ಮೇಲೆ ಭಾರ ಬೀಳುತ್ತದೆ. ಯೇಲ್ ವಿಶ್ವವಿದ್ಯಾಲಯ ಇರುವ ನ್ಯೂ ಹೇವನ್ ಊರಿನವರು ವರ್ಷಗಟ್ಟಲೆ ಇದನ್ನು ಕೇಳುತ್ತಾ ಬಂದರು. ಕೊನೆಗೆ 2021ರಲ್ಲಿ ಯೇಲ್ ಆರು ವರ್ಷಗಳಲ್ಲಿ ಒಟ್ಟು ಸುಮಾರು 13.5 ಕೋಟಿ ಡಾಲರ್ ನಗರಕ್ಕೆ ಕೊಡಲು ಒಪ್ಪಿತು. ಅದು ತೆರಿಗೆಯಲ್ಲ, ಸ್ವಇಚ್ಛೆಯ ಕೊಡುಗೆ. ಆಸ್ಪತ್ರೆ, ಸಂಶೋಧನೆ, ಸಂಬಳದಿಂದ ಊರಿಗೆ ಬರುವ ಲಾಭವೂ ಕಡಿಮೆಯಲ್ಲ, ನಿಜ. ಆದರೂ ಬೀದಿ ದೀಪದ ಬಿಲ್ಲನ್ನು ಕೀರ್ತಿಯಿಂದ ಕಟ್ಟಲು ಆಗುವುದಿಲ್ಲ.

ಕೆಲಸ ಸಿಗುತ್ತದೆ, ಆದರೆ ಯಾರಿಗೆ

ವಿಶ್ವವಿದ್ಯಾಲಯ ಊರು ಬಿಟ್ಟು ಹೋಗುವುದು ಅಪರೂಪ. ಕಾರ್ಖಾನೆ ಹೋಗುತ್ತದೆ, ಕಂಪನಿ ಹೋಗುತ್ತದೆ, ಆದರೆ ಎಂಟುನೂರು ವರ್ಷದ ಕೇಂಬ್ರಿಡ್ಜ್ ಅಲ್ಲೇ ಇದೆ. ಅದರ ಸುತ್ತ ಆಸ್ಪತ್ರೆ, ಪ್ರಯೋಗಾಲಯ, ಸಣ್ಣ ಕಂಪನಿಗಳು ಬೆಳೆಯುತ್ತವೆ. ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು 1970ರಲ್ಲೇ ವಿಜ್ಞಾನ ಪಾರ್ಕ್ ಶುರು ಮಾಡಿತು. ಲ್ಯೂವೆನ್‌ನಲ್ಲಿ 1984ರಲ್ಲಿ ಶುರುವಾದ ಐಮೆಕ್ ಇವತ್ತು ಚಿಪ್ ಸಂಶೋಧನೆಯಲ್ಲಿ ಜಗತ್ತಿಗೇ ಗೊತ್ತಿರುವ ಹೆಸರು. ಹೀಗಾಗಿ ಆರ್ಥಿಕ ಹಿಂಜರಿತ ಬಂದಾಗ ಇಂಥ ಊರುಗಳು ಬೇರೆ ಊರುಗಳಷ್ಟು ಅಲುಗಾಡುವುದಿಲ್ಲ.

ಆದರೆ ಮೇಲಿನ ಕೆಲಸಗಳೂ ಇವೆ, ಕೆಳಗಿನ ಕೆಲಸಗಳೂ ಇವೆ, ನಡುವಿನವು ಕಡಿಮೆ. ಅಂಗಡಿ, ಹೋಟೆಲ್ ಕೆಲಸಕ್ಕೆ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಸಿಗುತ್ತಾರೆ. ಆದ್ದರಿಂದ ಅಲ್ಲಿ ಸಂಬಳ ಏರುವುದು ನಿಧಾನ. ಅದೇ ಕೆಲಸದಿಂದ ಮನೆ ನಡೆಸುವವರಿಗೆ ಇದು ದೊಡ್ಡ ಹೊಡೆತ. ಓದು ಮುಗಿದ ಮೇಲೂ ಊರು ಬಿಡಲು ಮನಸ್ಸಾಗದ ಪದವೀಧರರು ಓದಿಗೆ ಸಂಬಂಧವೇ ಇಲ್ಲದ ಕೆಲಸದಲ್ಲಿ ವರ್ಷಗಳನ್ನು ಕಳೆಯುತ್ತಾರೆ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕರೆ ಇನ್ನೊಬ್ಬರು ಏನು ಮಾಡಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ದೊಡ್ಡ ಉದ್ಯೋಗದಾತ ಒಬ್ಬನೇ ಇರುವ ಊರಿನಲ್ಲಿ ಆ ಇನ್ನೊಬ್ಬರ ಓದು, ಅನುಭವ ಎಲ್ಲ ಮೂಲೆ ಸೇರುತ್ತದೆ. ಇಂಥ ಊರಿಗೆ ಹೋಗಬೇಕಾ ಅಂತ ಯೋಚಿಸುವ ದಂಪತಿ ಸಂಬಳಕ್ಕಿಂತ ಮೊದಲು ಈ ಮಾತನ್ನು ಆಡಿಕೊಳ್ಳಬೇಕು.

ಊರು ಮತ್ತು ವಿದ್ಯಾರ್ಥಿಗಳು

1355ರ ಫೆಬ್ರವರಿ 10ರಂದು ಆಕ್ಸ್‌ಫರ್ಡ್‌ನ ಒಂದು ಹೆಂಡದಂಗಡಿಯಲ್ಲಿ ವೈನ್ ಚೆನ್ನಾಗಿಲ್ಲ ಅಂತ ವಿದ್ಯಾರ್ಥಿಗಳು ತಕರಾರು ತೆಗೆದರು. ಮಾತಿಗೆ ಮಾತು ಬೆಳೆದು ಊರಿನವರಿಗೂ ವಿದ್ಯಾರ್ಥಿಗಳಿಗೂ ದಿನಗಟ್ಟಲೆ ಹೊಡೆದಾಟವಾಯಿತು. ವಿಶ್ವವಿದ್ಯಾಲಯದ ಕಡೆ ಸುಮಾರು 60 ಜನ, ಊರಿನ ಕಡೆ ಸುಮಾರು 30 ಜನ ಸತ್ತರು. ದೊರೆ ವಿಶ್ವವಿದ್ಯಾಲಯದ ಪರ ನಿಂತ. ಊರಿನ ಮೇಯರ್ ಪ್ರತಿ ವರ್ಷ ಚರ್ಚಿಗೆ ಬಂದು ಪ್ರಾಯಶ್ಚಿತ್ತದ ಕಾಣಿಕೆ ಕೊಡಬೇಕಾಯಿತು. ಇದು ನಿಂತಿದ್ದು 1825ರಲ್ಲಿ.

ಈಗ ಅಂಥ ರಕ್ತಪಾತ ಇಲ್ಲ, ಜಗಳ ಕೋರ್ಟಿಗೆ ಬಂದಿದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ನಿವಾಸಿಗಳ ಗುಂಪೊಂದು ಪರಿಸರ ಕಾನೂನಿನ ಅಡಿ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆ ಹೂಡಿತು. ಹೆಚ್ಚು ವಿದ್ಯಾರ್ಥಿಗಳು ಬಂದರೆ ಗದ್ದಲ, ಮನೆ ಕೊರತೆ ಹೆಚ್ಚುತ್ತದೆ ಅನ್ನುವುದು ಅವರ ವಾದ. 2021ರಲ್ಲಿ ಕೋರ್ಟು ವಿದ್ಯಾರ್ಥಿಗಳ ಸಂಖ್ಯೆಯನ್ನೇ ತಡೆಹಿಡಿಯಿತು. 2022ರ ಮಾರ್ಚ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ತಡೆ ತೆಗೆಯಲು ಒಪ್ಪಲಿಲ್ಲ. ರಾಜ್ಯದ ಶಾಸಕರು ಕೆಲವೇ ದಿನಗಳಲ್ಲಿ ಕಾನೂನು ಬದಲಿಸಿ ಅದನ್ನು ತೆರವು ಮಾಡಬೇಕಾಯಿತು. ವಸತಿ ಕಟ್ಟಡಗಳ ವಿಚಾರದಲ್ಲಿ ಅಲ್ಲಿರುವ ಜನರ ಗದ್ದಲವನ್ನು ಪರಿಸರ ಹಾನಿ ಅಂತ ಲೆಕ್ಕ ಹಿಡಿಯಬಾರದು ಅಂತ 2023ರಲ್ಲಿ ಇನ್ನೊಂದು ಕಾನೂನು ಬಂತು.

ನನಗೆ ಎರಡೂ ಕಡೆಯವರ ನೋವು ಅರ್ಥವಾಗುತ್ತದೆ. ಬೆಳಗ್ಗೆ ಐದಕ್ಕೆ ಕೆಲಸಕ್ಕೆ ಹೋಗುವ ನರ್ಸ್‌ಗೆ ರಾತ್ರಿ ಎರಡರ ಸಂಗೀತ ಹಿಂಸೆಯೇ. ಆದರೆ ಹತ್ತೊಂಬತ್ತು ವರ್ಷದ ಹುಡುಗಿಯನ್ನು ಗದ್ದಲ ಅಂತ ಕಾನೂನಿನ ಕಾಗದದಲ್ಲಿ ಬರೆಯುವುದೂ ಸರಿಯಲ್ಲ. ಬಾಡಿಗೆ ಏರಿದ್ದಕ್ಕೆ ಬೈಸಿಕೊಳ್ಳುವುದು ವಿದ್ಯಾರ್ಥಿಗಳು, ಆ ಏರಿದ ಬಾಡಿಗೆ ಕಟ್ಟುವವರೂ ಅವರೇ. ವರ್ಷಪೂರ್ತಿ ಇರುವ ಬಾಡಿಗೆದಾರರೂ ವಿದ್ಯಾರ್ಥಿಗಳೂ ಈ ವಿಷಯದಲ್ಲಿ ಒಂದೇ ಕಡೆಯವರು. ಇದು ಇಬ್ಬರಿಗೂ ಹೊಳೆಯುವಷ್ಟು ದಿನ ಅವರು ಜೊತೆಗೆ ಇರುವುದಿಲ್ಲ, ಅಷ್ಟೇ.

ಒಳ್ಳೆಯ ಫಲಗಳೂ ಈ ಬೆರಕೆಯಿಂದಲೇ ಬಂದಿವೆ. 1977ರಲ್ಲಿ ಗ್ರೋನಿಂಗೆನ್ ತನ್ನ ನಡುವಿನ ಭಾಗವನ್ನು ನಾಲ್ಕು ಪಾಲು ಮಾಡಿತು. ಒಂದು ಪಾಲಿನಿಂದ ಇನ್ನೊಂದಕ್ಕೆ ಕಾರು ನೇರ ಹೋಗುವಂತಿಲ್ಲ, ಹೊರವರ್ತುಲ ರಸ್ತೆ ಸುತ್ತಿ ಬರಬೇಕು. ಸೈಕಲ್‌ನವರು ನೇರ ಹೋಗಬಹುದು. ಕಾರು ಕೊಳ್ಳಲಾಗದ ಸಾವಿರಾರು ಯುವಕರು ಇರುವ ಊರಿನಲ್ಲಿ ಅದು ಚೆನ್ನಾಗಿ ಹೊಂದಿಕೊಂಡಿತು. ಈಗ ಅದರ ಸುಖ ಅಜ್ಜ ಅಜ್ಜಿಯರಿಗೂ ಮಕ್ಕಳಿಗೂ ಸಿಗುತ್ತಿದೆ. ರಾತ್ರಿ ತಡವಾಗಿ ಓಡುವ ಬಸ್ಸು, ದೊಡ್ಡ ಗ್ರಂಥಾಲಯ, ಟಿಕೆಟ್ ಇಲ್ಲದ ಉಪನ್ಯಾಸ, ನಾನಾ ದೇಶದ ಊಟ ಎಲ್ಲವೂ ಹೀಗೇ. ಇದೇ ಗಾತ್ರದ ಬೇರೆ ಊರಿನಲ್ಲಿ ಇಷ್ಟೆಲ್ಲ ಸಿಗುವುದಿಲ್ಲ.

ಮಾತಾಡದೆ ಉಳಿಯುವ ಒಂದು ಕಷ್ಟ ಸ್ನೇಹದ್ದು. ವಿದ್ಯಾರ್ಥಿಗಳು ಮಾತ್ರ ಹೋಗುವುದಿಲ್ಲ. ಸಂಶೋಧಕರು ಎರಡು ಮೂರು ವರ್ಷಕ್ಕೆ ಹೋಗುತ್ತಾರೆ, ತಾತ್ಕಾಲಿಕ ಅಧ್ಯಾಪಕರು ಹೋಗುತ್ತಾರೆ. ಅವರ ಮಕ್ಕಳ ಜೊತೆ ಬೆಳೆದ ನಿಮ್ಮ ಮಗುವಿನ ಗೆಳೆಯರೂ ಹೋಗುತ್ತಾರೆ. ಪ್ರತಿ ವರ್ಷ ವಿದಾಯದ ಊಟ. ಕೆಲವರು ಇದರಿಂದ ದಣಿದು ಹೊಸಬರ ಪರಿಚಯವನ್ನೇ ಬಿಟ್ಟುಬಿಡುತ್ತಾರೆ. ಅವರನ್ನು ಬಿಗುಮಾನದವರು ಅಂತ ಹೊಸಬರು ತಪ್ಪು ತಿಳಿಯುತ್ತಾರೆ. ಇಂಥ ಊರಿನಲ್ಲಿ ನೆಮ್ಮದಿಯಾಗಿರುವವರನ್ನು ಗಮನಿಸಿದರೆ ಅವರಿಗೆ ಎರಡು ಬಳಗ ಇರುತ್ತವೆ. ಒಂದು ಕಾಲೇಜಿನದು, ಬದಲಾಗುತ್ತಿರುತ್ತದೆ. ಇನ್ನೊಂದು ಭಜನೆಯದೋ ತೋಟಗಾರಿಕೆಯದೋ ಆಟದ್ದೋ ಶಾಲೆಯದೋ, ವಿಶ್ವವಿದ್ಯಾಲಯಕ್ಕೆ ಸಂಬಂಧವೇ ಇಲ್ಲದ್ದು. ಎರಡನೆಯದನ್ನು ಮೊದಲ ವರ್ಷವೇ ಹುಡುಕಿಕೊಳ್ಳಿ.

ಹೋಗಿ ನೆಲೆಸುವ ಯೋಚನೆ ಇದ್ದರೆ ಊರನ್ನು ಎರಡು ಸಲ ನೋಡಿ. ತರಗತಿ ನಡೆಯುವಾಗ ವಾರದ ನಡುವಿನ ಒಂದು ರಾತ್ರಿ, ರಜೆಯಲ್ಲಿ ಒಂದು ಹಗಲು. ಮನೆ ನೋಡಿದ ಬೀದಿಯಲ್ಲಿ ಎಷ್ಟು ಮನೆಗಳಿಗೆ ಎರಡು ಮೂರು ಕಸದ ಡಬ್ಬಿ, ಹತ್ತಾರು ಸೈಕಲ್ ಇವೆ ಅಂತ ಎಣಿಸಿ. ಬಾಡಿಗೆಗೆ ಇರುವುದಾದರೆ ಕರಾರು ಯಾವ ತಿಂಗಳಲ್ಲಿ ಮುಗಿಯುತ್ತದೆ ಅಂತ ಕೇಳಿ. ತರಗತಿ ಶುರುವಾಗುವ ಹೊತ್ತಿಗೆ ಮುಗಿಯುವ ಕರಾರಾದರೆ ನೀವು ಪ್ರತಿ ವರ್ಷ ಸಾವಿರಾರು ವಿದ್ಯಾರ್ಥಿಗಳ ಜೊತೆ ಪೈಪೋಟಿಗೆ ಬೀಳಬೇಕು. ನಡು ವರ್ಷದಲ್ಲಿ ಮುಗಿಯುವಂತೆ ಬರೆಸಿಕೊಂಡರೆ ಚೌಕಾಸಿ ಮಾಡುವ ಶಕ್ತಿ ನಿಮ್ಮ ಕಡೆ ಉಳಿಯುತ್ತದೆ. ಆಮೇಲೆ ಹೊಸ ವರ್ಷದ ಮೊದಲ ವಾರವೇ ಪಕ್ಕದ ಮನೆಯ ಬಾಗಿಲು ತಟ್ಟಿ, ಹೆಸರು ಹೇಳಿ, ಫೋನ್ ನಂಬರ್ ಕೊಡಿ. ಮೊದಲ ಭೇಟಿ ದೂರಿನಿಂದ ಶುರುವಾಗದಿದ್ದರೆ ಆ ವರ್ಷದ ರಾತ್ರಿಗಳು ಬಹುಪಾಲು ಸರಿಯಾಗಿರುತ್ತವೆ. ಮುಂದಿನ ವರ್ಷ ಹೊಸಬರು ಬರುತ್ತಾರೆ, ಮತ್ತೆ ತಟ್ಟಬೇಕು.